ಕೆಡದ ಬುತ್ತಿ

ತೆಲಂಗಾಣದ ಪಾಲಮೂರು (ಮಹಬೂಬ್‌ನಗರ) ಭಾಗದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಿಂದ ಅಣೆಕಟ್ಟು, ಕಾಲುವೆ ಕಟ್ಟಲು ದೂರದ ರಾಜ್ಯಗಳಿಗೆ ಗುಳೆ ಹೋದವರನ್ನು ‘ಪಾಲಮೂರು ಕೂಲಿಗಳು’ ಎಂದೇ ಕರೆದರು. ಕರ್ನಾಟಕಕ್ಕೆ ತಾಗಿದ ಈ ಗಡಿಭಾಗದಲ್ಲಿ ದೂರ ಹೊರಟವರಿಗೆ ಒಪ್ಪುವ ಬುತ್ತಿ ಎಂದರೆ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವಂತೆ ಆರಿಸಿದ ರೊಟ್ಟಿಯಲ್ಲಿ ನೀರಿನಂಶ ತೀರ ಕಡಿಮೆ. ಹಾಗಾಗಿ ಬೂಸು ಹಿಡಿಯದು. ಜೋಳದಲ್ಲಿ ಲೈಸಿನ್ ಕಡಿಮೆ. ಆ ಕೊರತೆಯನ್ನು ರೊಟ್ಟಿಯ ಜೊತೆ ಉಣ್ಣುವ ತೊಗರಿಬೇಳೆ ತುಂಬುತ್ತದೆ. ‘ಸಿ’ ಜೀವಸತ್ವ ಮಾತ್ರ ಒಣ ಬುತ್ತಿಯಲ್ಲಿ ಸಿಗದು, ಅದಕ್ಕೆ ಹಸಿ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆ ಬೇಕು.

ದೂರ ಹೋದವರು ಕೆಡದ ಆಹಾರವನ್ನೇ ನಂಬಬೇಕಾದ ಈ ತೊಂದರೆ ಅಂಟಾರ್ಕ್ಟಿಕದಲ್ಲೂ ಇದೆ, ಚಳಿಯೊಂದು ಹೆಚ್ಚು. ಭಾರತದ ಮೈತ್ರಿ (1989), ಭಾರತಿ (2012) ಕೇಂದ್ರಗಳಿಗೆ ಸರಕಿನ ಹಡಗು ಅಲ್ಲಿನ ಬೇಸಿಗೆಯಲ್ಲಷ್ಟೇ ತಲುಪುತ್ತದೆ. ಉಳಿದ ತಿಂಗಳು ಅಕ್ಕಿ, ಹಿಟ್ಟು, ಬೇಳೆ, ಡಬ್ಬಿಯ ಮತ್ತು ಹೆಪ್ಪುಗಟ್ಟಿಸಿದ ಆಹಾರವೇ ಗತಿ. ತಾಜಾ ತರಕಾರಿ ಬೇಗ ಮುಗಿಯುತ್ತದೆ. ಸೂರ್ಯ ಕಾಣದ ಚಳಿಗಾಲದಲ್ಲಿ ‘ಡಿ’ ಜೀವಸತ್ವವೂ ಕುಸಿಯುತ್ತದೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗೆಂದು ಕೆಡದ ಚಪಾತಿ, ಬಿಸಿಮಾಡಿ ಉಣ್ಣುವ ಪೊಟ್ಟಣದ ಪಲ್ಯ ರೂಪಿಸಿತು; ಅಂಟಾರ್ಕ್ಟಿಕ ಯಾತ್ರೆಗಳಿಗೂ ಅದರ ಆಹಾರ ಹೋಗಿದೆ. ಖಡಕ್ ರೊಟ್ಟಿಗೆ ಮಾತ್ರ ಯಾವ ಪ್ರಯೋಗಾಲಯವೂ ಬೇಕಾಗಲಿಲ್ಲ.