ಮೂರು ಮಹಡಿಯ ಅಕ್ಷರ: ಗಿರಿನಗರದ ನಾಮಫಲಕಗಳಲ್ಲಿ ಇಕ್ಕಟ್ಟಿನ ದಪ್ಪಕ್ಷರ

ಬೆಂಗಳೂರಿನ 'ಗಿರಿನಗರ' ಬಡಾವಣೆಯ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಸುಲಭ. ಐದೇ ಅಕ್ಷರ, ಒಂದೂ ಒತ್ತಿಲ್ಲ, ಸಾಲಿನ ಕೆಳಗೆ ಇಳಿಯುವ ಗೀಟೊಂದೂ ಇಲ್ಲ. ಅಲ್ಲಿಂದ ಸ್ವಲ್ಪ ದೂರದ 'ಕತ್ರಿಗುಪ್ಪೆ'ಗೆ ಬನ್ನಿ. 'ತ್ರಿ'ಗೆ ತಲೆಯ ಮೇಲೆ ಗುಡಿಸು, ಕಾಲಡಿ ರಕಾರದ ಒತ್ತು. 'ಪ್ಪೆ'ಗೆ ಮೇಲೆ ಏತ್ವ, ಕೆಳಗೆ ಪಕಾರದ ಒತ್ತು. ಎರಡೂ ಹೆಸರನ್ನು ಒಂದೇ ಫಲಕದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಬರೆದರೆ ಎರಡನೆಯದಕ್ಕೆ ಒಂದು ಮಹಡಿ ಹೆಚ್ಚು ಬೇಕು. ದಪ್ಪಗೆ, ಕಡಿಮೆ ಅಗಲದಲ್ಲಿ, ದೂರಕ್ಕೆ ಕಾಣುವಂತೆ ರೂಪಿಸಿದ ಶೀರ್ಷಿಕೆ ಅಕ್ಷರ, ಅಂದರೆ ಮುದ್ರಣದವರ ಮಾತಿನ ಬೋಲ್ಡ್ ಕಂಡೆನ್ಸ್‌ಡ್, ಕನ್ನಡದಲ್ಲಿ ಯಾಕೆ ತೊಡಕಾಗುತ್ತದೆ ಎಂಬುದರ ವಿಚಾರಣೆಯನ್ನು ಈ ಹೆಚ್ಚುವರಿ ಮಹಡಿಯಿಂದಲೇ ಶುರುಮಾಡಬೇಕು.

ಲ್ಯಾಟಿನ್ ಲಿಪಿಯಲ್ಲಿ ಈ ಬಗೆಯ ಅಕ್ಷರ ಹತ್ತೊಂಬತ್ತನೆಯ ಶತಮಾನದ ಭಿತ್ತಿಪತ್ರಗಳಲ್ಲಿ, ಮರದ ಅಚ್ಚುಮೊಳೆಗಳಲ್ಲಿ ಬೆಳೆಯಿತು. ಎಲ್ಲರ ಕಂಪ್ಯೂಟರಿನಲ್ಲೂ ಕಂಡುಬರುವ 'ಇಂಪ್ಯಾಕ್ಟ್' ಅನ್ನು ಜೆಫ್ರಿ ಲೀ ರೂಪಿಸಿ, ಶೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಸಂಸ್ಥೆ 1965ರಲ್ಲಿ ಹೊರತಂದಿತು. ಆ ಲಿಪಿಯ ಬಹುಪಾಲು ಅಕ್ಷರಗಳಿಗೆ ನೆಟ್ಟಗೆ ನಿಂತ ಕಂಬಗಳೇ ಆಧಾರ. ಕಂಬಗಳನ್ನು ಹತ್ತಿರಕ್ಕೆ ತಂದರೆ ಅಗಲ ಉಳಿಯುತ್ತದೆ, ಉಳಿದ ಅಗಲವನ್ನು ಎತ್ತರಕ್ಕೆ ಹಾಕಿಕೊಳ್ಳಬಹುದು. ಕನ್ನಡದ 'ರ', 'ದ', 'ಪ'ಗಳಿಗೆ ಕಂಬವೇ ಇಲ್ಲ. ಅವು ಬಳೆಯಂಥ ರೇಖೆಗಳು, ತಲೆಗೊಂದು ತಲಕಟ್ಟು. ಬಳೆಯನ್ನು ಪಕ್ಕದಿಂದ ಒತ್ತಿದರೆ ಅದು ಮೊದಲು ಕಳೆದುಕೊಳ್ಳುವುದು ಒಳಗಿನ ಬಯಲನ್ನು.

ಆ ಬಯಲಿನಲ್ಲೇ ಕನ್ನಡದ ಗುರುತುಗಳಿರುವುದು. 'ರ'ದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ 'ಠ', 'ಪ'ದ ಒಳಗೆ ಗೀಟೆಳೆದರೆ 'ಷ', 'ದ'ಕ್ಕೆ ಕೆಳಗೆ ಸೀಳು ಕೊಟ್ಟರೆ 'ಧ'. ಬೋರ್ಡಿನವರು ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಪದದ ಪಕ್ಕದ ಹಿಡಿ ಹಿಡಿದು ಶೇ 70ಕ್ಕೆ ಎಳೆದಾಗ 10 ಮಿ.ಮೀ. ದಪ್ಪದ ನಿಲುವು ಗೀಟು 7 ಮಿ.ಮೀ.ಗೆ ಇಳಿಯುತ್ತದೆ, ಅಡ್ಡಗೀಟು ಹತ್ತರಲ್ಲೇ ಉಳಿಯುತ್ತದೆ. ತಲಕಟ್ಟು ಭಾರ, ಮೈ ಬಡಕಲು. ಅದನ್ನು ಸರಿಪಡಿಸಲು ಸುತ್ತಲೂ ಔಟ್‌ಲೈನ್ ಕೊಟ್ಟು ದಪ್ಪ ಮಾಡುತ್ತಾರೆ. ಆಗ 'ಠ'ದ ಚುಕ್ಕೆ ಗೋಡೆಗೆ ಅಂಟಿಕೊಳ್ಳುತ್ತದೆ. ಅಕ್ರಿಲಿಕ್‌ನಲ್ಲಿ ಕತ್ತರಿಸಿ ನಿಲ್ಲಿಸುವ ಅಕ್ಷರಗಳ ಪಾಡು ಬೇರೆ. ಚುಕ್ಕೆ ಅಲ್ಲಿ ಬಿಡಿ ತುಂಡು, ಬೇರೆಯಾಗಿಯೇ ಅಂಟಿಸಬೇಕು. ಅಂಟು ಬಿಟ್ಟ ದಿನ 'ವಿದ್ಯಾಪೀಠ'ವು 'ವಿದ್ಯಾಪೀರ' ಆಗುತ್ತದೆ!

ಕಾನೂನಿನ ಸಂಗತಿ ಸೇರುವುದು ಇಲ್ಲಿಗೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. 10 ಅಡಿ ಅಗಲ, 4 ಅಡಿ ಎತ್ತರದ ಫಲಕವೊಂದನ್ನು ಅಡ್ಡಲಾಗಿ ಹಂಚಿದೆವೆನ್ನಿ: ಕನ್ನಡಕ್ಕೆ 2.4 ಅಡಿ ಎತ್ತರ, ಇಂಗ್ಲಿಷಿಗೆ 1.6 ಅಡಿ. ಆದರೆ ಕನ್ನಡದ ಪಾಲನ್ನು ಗುಡಿಸು, ಮೈ, ಒತ್ತು ಮೂರೂ ಹಂಚಿಕೊಳ್ಳಬೇಕು. ಮೈಗೆ ಅರ್ಧ ಸಿಕ್ಕಿತೆಂದರೂ 1.2 ಅಡಿ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮೇಲೆ ಕೆಳಗೆ ಏನೂ ಇಲ್ಲ, ಅಂಚು ಬಿಟ್ಟು ತನ್ನ ಪಾಲನ್ನೆಲ್ಲ ಅದೇ ತುಂಬುತ್ತದೆ. ಜಾಗದ ಲೆಕ್ಕದಲ್ಲಿ ಕನ್ನಡ ಗೆದ್ದರೂ ರಸ್ತೆಯಾಚೆಯಿಂದ ನೋಡುವವನ ಕಣ್ಣಿಗೆ ಇಂಗ್ಲಿಷೇ ದೊಡ್ಡದು. ಇದು ಅಂಗಡಿಯವನ ಕಿಡಿಗೇಡಿತನ ಅಂತ ಎಲ್ಲ ಸಲವೂ ಹೇಳಲಾಗದು. ಲಿಪಿಯ ಕಟ್ಟಡವೇ ಹಾಗಿದೆ.

ವಿಚಿತ್ರವೆಂದರೆ, ಕನ್ನಡಕ್ಕೆ ಹೆಚ್ಚು ಮಹಡಿ ಕಟ್ಟಿಸುವ ಪದಗಳಲ್ಲಿ ಬಹಳಷ್ಟು ಇಂಗ್ಲಿಷಿನಿಂದಲೇ ಬಂದವು. 'ಎಲೆಕ್ಟ್ರಿಕಲ್ಸ್'ನ 'ಕ್ಟ್ರಿ'ಗೆ ಎರಡು ಒತ್ತು. 'ಅಂಗಡಿ' ಅಂದರೆ ಒಂದೂ ಒತ್ತಿಲ್ಲದೆ ಮುಗಿಯುತ್ತಿತ್ತು, 'ಸ್ಟೋರ್ಸ್' ಅಂದಾಗ ಒತ್ತೂ ಬಂತು, ಅರ್ಕಾವೊತ್ತೂ ಬಂತು.

ಹೀಗಾಗಿ ಕನ್ನಡದಲ್ಲಿ ಇಕ್ಕಟ್ಟಿನ ಅಕ್ಷರವೆಂದರೆ ಎರಡು ಬಗೆಯ ಒತ್ತುವಿಕೆ: ಪಕ್ಕದಿಂದ ಒಂದು, ಮಹಡಿಗಳ ನಡುವೆ ಇನ್ನೊಂದು. ಬರೀ ಅಗಲ ಕಡಿಮೆ ಮಾಡಿದ ವಿನ್ಯಾಸದಿಂದ ಲಾಭ ಅರ್ಧವೇ. ಆ ಅರ್ಧಕ್ಕೆ ಫಾಂಟುಗಳು ಈಗಾಗಲೇ ಇವೆ. ಮುಂಬಯಿಯ ಏಕ್ ಟೈಪ್ ಬಳಗ 2022ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ 'ಅನೇಕ್' ಫಾಂಟ್ ಕುಟುಂಬದಲ್ಲಿ ಲ್ಯಾಟಿನ್ ಸೇರಿ ಹತ್ತು ಲಿಪಿಗಳಿವೆ. ಕನ್ನಡವನ್ನು ರೂಪಿಸಿದವರು ವೈಷ್ಣವಿ ಮೂರ್ತಿ. ಅದರಲ್ಲಿ ದಪ್ಪವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಅಗಲ ಕುಗ್ಗಿದಾಗ ಗೀಟಿನ ದಪ್ಪ ಎಷ್ಟಿರಬೇಕೆಂಬುದನ್ನು ವಿನ್ಯಾಸಕಿಯೇ ನಿರ್ಧರಿಸಿರುತ್ತಾರೆ, ಕೋರಲ್‌ಡ್ರಾದ ಎಳೆತವಲ್ಲ. ನೋಟೊ ಸ್ಯಾನ್ಸ್ ಕನ್ನಡದಲ್ಲೂ ಅಗಲ ಬದಲಿಸುವ ಅನುಕೂಲವಿದೆ. ಎರಡೂ ಪುಕ್ಕಟೆ ಸಿಗುತ್ತವೆ. ಆದರೂ ಬೋರ್ಡಿನಂಗಡಿಗಳಲ್ಲಿ ಯೂನಿಕೋಡಿಗೆ ಮುಂಚಿನ ಹಳೆಯ ಫಾಂಟುಗಳ ರೂಢಿ ಬಿಟ್ಟಿಲ್ಲ. ಕೈಗೆ ಹತ್ತಿದ ಕೀಲಿಮಣೆಯನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ.

ಒತ್ತುಗಳನ್ನು ಚಿಕ್ಕದಾಗಿಸಿ ಮೈಯ ಬುಡಕ್ಕೆ ತೂರಿಸುವುದು, ಗುಡಿಸಿನ ಸುರುಳಿಯನ್ನು ತಗ್ಗಿಸುವುದು, ಇವು ಮಹಡಿ ಇಳಿಸುವ ದಾರಿಗಳು. ಒತ್ತು ಅತಿ ಚಿಕ್ಕದಾದರೆ ಅದರ ಗೀಟು ಮೈಯ ಗೀಟಿಗಿಂತ ತೆಳುವಾಗಿ ದೂರಕ್ಕೆ ಅಳಿಸಿಹೋದಂತೆ ಕಾಣುತ್ತದೆ. ಎಷ್ಟರವರೆಗೆ ಇಳಿಸಬಹುದು ಎಂಬುದನ್ನು ಕಂಪ್ಯೂಟರಿನ ಪರದೆಯ ಮುಂದೆ ಕೂತು ತೀರ್ಮಾನಿಸಲಾಗದು. ಫಲಕದಷ್ಟೇ ದೊಡ್ಡ ಕಾಗದದಲ್ಲಿ ಮುದ್ರಿಸಿ, ರಸ್ತೆಯ ಆಚೆ ಬದಿಗೆ ನಿಂತು ಓದಬೇಕು. ಮಾದರಿಗೆ 'ಗಿರಿನಗರ' ಬೇಡ, ಅದು ಯಾವ ಫಾಂಟಿನಲ್ಲೂ ಪಾಸಾಗುತ್ತದೆ. 'ಕತ್ರಿಗುಪ್ಪೆ ಎಲೆಕ್ಟ್ರಿಕಲ್ಸ್' ಎಂದು ಬರೆದು ನೋಡಬೇಕು.