ಕಡಲಿಗಿಳಿಯುವ ಮುಂಚೆ ಮರಳ ಮೇಲೊಂದು ಪುಟ್ಟ ಗಾಳಿಪಟ

ಆಷಾಢದ ಗಾಳಿಯಲ್ಲಿ ಪಟ ಹಾರಿಸಿದವರಿಗೆ ಇದು ಹೊಸದಲ್ಲ. ಗಾಳಿ ಜೋರಾದರೆ ಪಟ ಮೇಲೇರುವುದಷ್ಟೇ ಅಲ್ಲ, ಕೈಯನ್ನೂ ಎಳೆಯುತ್ತದೆ, ದಾರ ಬೆರಳು ಕೊಯ್ಯುತ್ತದೆ. ಆ ಎಳೆತವನ್ನೇ ನಂಬಿ ಕಟ್ಟಿದ ಆಟ ಕೈಟ್‌ಸರ್ಫಿಂಗ್. ದೊಡ್ಡ ಗಾಳಿಪಟವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಕಾಲಡಿ ಹಲಗೆ ಹಾಕಿಕೊಂಡು ನೀರಿನ ಮೇಲೆ ಜಾರುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಸಲ ಪದಕ ಕೊಟ್ಟರು. ನಮಗೆ ಹತ್ತಿರದಲ್ಲಿ ರಾಮೇಶ್ವರ, ತೂತುಕುಡಿ ಕಡೆ ಇದನ್ನು ಕಲಿಸುವವರಿದ್ದಾರೆ.

ಕಲಿಯಲು ಹೋದವರಿಗೆ ಬಹಳ ಕಡೆ ಮೊದಲು ಕೈಗೆ ಸಿಗುವುದು ದೊಡ್ಡ ಪಟವಲ್ಲ. ಎರಡು ಮೂರು ಚದರ ಮೀಟರಿನ ಒಂದು ಬಟ್ಟೆಯ ಪಟ. ಹೆಸರು ಟ್ರೇನರ್ ಕೈಟ್. ದುಡ್ಡು ಕಟ್ಟಿ ಬಂದವರಿಗೆ ‘ಇದೇನು ಮಕ್ಕಳಾಟ’ ಅನ್ನಿಸುವುದು ಸಹಜ. ಆದರೆ ಈ ಮಕ್ಕಳಾಟಕ್ಕೆ ಕೈಟ್‌ಸರ್ಫಿಂಗ್‌ಗಿಂತ ಹೆಚ್ಚು ವಯಸ್ಸಾಗಿದೆ.

ಕಥೆಯನ್ನು ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಒಬ್ಬ ಶಾಲಾ ಮೇಷ್ಟ್ರಿಂದ ಶುರು ಮಾಡಬೇಕು. ಜಾರ್ಜ್ ಪೊಕಾಕ್ ಅವರ ಹೆಸರು. ಹುಡುಗನಾಗಿದ್ದಾಗ ಗಾಳಿಪಟದ ದಾರಕ್ಕೆ ಕಲ್ಲು ಕಟ್ಟಿ, ಪಟ ಅದನ್ನು ಎಳೆಯುವುದನ್ನು ನೋಡಿದವರು. ಕಲ್ಲಾದ ಮೇಲೆ ಹಲಗೆ, ಹಲಗೆಯಾದ ಮೇಲೆ ಇನ್ನೂ ಭಾರದ ವಸ್ತು. ಹೀಗೆ ಹಂತ ಹಂತವಾಗಿ ಹೋಗಿ, ಕೊನೆಗೆ ಸ್ವಂತ ಮಗಳು ಮಾರ್ಥಾಳನ್ನೇ ಕುರ್ಚಿಯಲ್ಲಿ ಕೂರಿಸಿ ಪಟದಿಂದ ಮೇಲಕ್ಕೆತ್ತಿಸಿದರು! ಅದೃಷ್ಟಕ್ಕೆ ಮಗಳು ಕ್ಷೇಮವಾಗಿ ಇಳಿದಳು. ಮುಂದೆ ಇದೇ ಮಾರ್ಥಾಳ ಹೊಟ್ಟೆಯಲ್ಲಿ ಹುಟ್ಟಿದವರು ಕ್ರಿಕೆಟ್‌ನ ಡಬ್ಲ್ಯೂ. ಜಿ. ಗ್ರೇಸ್.

1826ರಲ್ಲಿ ಪೊಕಾಕ್ ಗಾಳಿಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದರು. ಆಗಿನ ರಸ್ತೆ ಸುಂಕ ಕುದುರೆ ಲೆಕ್ಕದಲ್ಲಿತ್ತು. ಈ ಗಾಡಿಗೆ ಕುದುರೆಯೇ ಇಲ್ಲ, ಸುಂಕದವರು ಏನಂತ ವಸೂಲಿ ಮಾಡುವುದು? ತಮಾಷೆ ಬದಿಗಿಡಿ. ಅವರ ನಿಜವಾದ ಜಾಣತನ ಇದ್ದದ್ದು ದಾರಗಳಲ್ಲಿ. ಒಂದೇ ದಾರದ ಪಟ ಗಾಳಿ ಹೇಳಿದ ಕಡೆ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ದಾರ ಕಟ್ಟಿದರೆ ಅದಕ್ಕೆ ನಾವೇ ದಾರಿ ಹೇಳಬಹುದು, ಎತ್ತಿಗೆ ಹಗ್ಗ ಹಿಡಿದಂತೆ.

1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಎಂಬವರು ಗಾಳಿಪಟ ಎಳೆಯುವ ದೋಣಿಯಲ್ಲಿ ಇಂಗ್ಲಿಷ್ ಕಾಲುವೆಯನ್ನೇ ದಾಟಿದರು. ಆಮೇಲೆ ಪೆಟ್ರೋಲ್ ಎಂಜಿನ್ ಬಂತು, ಗಾಳಿಯ ಎಳೆತ ಯಾರಿಗೂ ಬೇಡವಾಯಿತು. ಪಟ ಮತ್ತೆ ಮಕ್ಕಳ ಕೈಗೆ ಹೋಯಿತು.

ನನ್ನ ಪ್ರಕಾರ ಈ ಆಟ ಮತ್ತೆ ಜೀವ ಪಡೆದದ್ದು ಆ ಮಕ್ಕಳ ಕೈಯಲ್ಲೇ. 1970ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಎರಡು ದಾರದ, ಉದ್ದ ಬಾಲಂಗೋಚಿಯ ಪಟ ಮಾರಲು ಶುರುಮಾಡಿದರು. ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ಅದಕ್ಕೂ ಮೊದಲು, 1960ರ ದಶಕದಲ್ಲೇ, ಅಮೆರಿಕದಲ್ಲಿ ಡೊಮಿನಾ ಜಾಲ್ಬರ್ಟ್ ಕಡ್ಡಿಯೇ ಇಲ್ಲದ ಪಟ ಮಾಡಿದ್ದರು. ಬಟ್ಟೆಯ ಚೀಲಗಳೊಳಗೆ ಗಾಳಿಯೇ ನುಗ್ಗಿ, ಉಬ್ಬಿಸಿ, ರೆಕ್ಕೆಯ ಆಕಾರ ಕೊಡುತ್ತದೆ. ಎರಡು ದಾರ, ಕಡ್ಡಿಯಿಲ್ಲದ ಬಟ್ಟೆ: ಇವೆರಡು ಸೇರಿದರೆ ಇಂದಿನ ಟ್ರೇನರ್ ಕೈಟ್. 1990ರ ಸುಮಾರಿಗೆ ನ್ಯೂಜಿಲೆಂಡಿನ ಪೀಟರ್ ಲಿನ್ ಮೂರು ಗಾಲಿಯ ಪುಟ್ಟ ಗಾಡಿ ಮಾಡಿ, ಪಟ ಕಟ್ಟಿ ಮರಳ ಮೇಲೆ ಓಡಿಸಿದರು.

ನೀರಿನ ಸಮಸ್ಯೆ ಬೇರೆಯೇ. ನೀರಿಗೆ ಬಿದ್ದ ಪಟ ಒದ್ದೆ ಗೋಣಿಯಂತೆ ಮಲಗಿಬಿಡುತ್ತದೆ, ಮತ್ತೆ ಏಳುವುದಿಲ್ಲ. ಫ್ರಾನ್ಸಿನ ಬ್ರಿಟನಿಯ ಅಣ್ಣತಮ್ಮಂದಿರು, ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯು, ಸೈಕಲ್ ಟ್ಯೂಬಿನಂತೆ ಗಾಳಿ ತುಂಬುವ ಕೊಳವೆಗಳನ್ನು ಪಟಕ್ಕೆ ಸೇರಿಸಿ 1984ರಲ್ಲಿ ಪೇಟೆಂಟ್ ಮಾಡಿಸಿದರು. ಈಗ ಬಿದ್ದ ಪಟ ತೇಲುತ್ತದೆ, ದಾರ ಜಗ್ಗಿದರೆ ಏಳುತ್ತದೆ. 1997ರಲ್ಲಿ ಅವರ ‘ವಿಪಿಕಾ’ ಪಟ ಮಾರುಕಟ್ಟೆಗೆ ಬಂದದ್ದೇ ತಡ, ಆಟ ದೇಶದೇಶಕ್ಕೆ ಹಬ್ಬಿತು.

ಸಾವುಗಳೂ ಬಂದವು. ಪಟ ಸೊಂಟಕ್ಕೆ ಸಿಕ್ಕಿರುತ್ತದೆ, ಕೈ ಬಿಟ್ಟರೂ ಅದು ಬಿಡುವುದಿಲ್ಲ. ಆಗಿನ ಪಟಗಳ ಎಳೆತವನ್ನು ಪೂರ್ತಿ ಕಡಿಮೆ ಮಾಡಲು ದಾರಿಯೇ ಇರಲಿಲ್ಲ. 2002ರಲ್ಲಿ ಜರ್ಮನಿಯ ಫೆಮಾರ್ನ್ ದ್ವೀಪದಲ್ಲಿ ನಡೆದ ಸ್ಪರ್ಧೆಯಲ್ಲಿ ಒಬ್ಬ ನುರಿತ ಆಟಗಾರ್ತಿಯೇ ಜೀವ ಕಳೆದುಕೊಂಡರು. ನುರಿತವರ ಗತಿಯೇ ಹೀಗಾದರೆ ಹೊಸಬರದು? ಒಂದೇ ಸಲಕ್ಕೆ ಬಿಡಿಸಿಕೊಳ್ಳುವ ಕೊಂಡಿ, 2005ರ ಸುಮಾರಿಗೆ ಎಳೆತವನ್ನು ಬಹುಪಾಲು ಇಳಿಸಬಲ್ಲ ಹೊಸ ಆಕಾರದ ಪಟ, ಶಿಸ್ತಿನ ಪಾಠಗಳು ಎಲ್ಲ ಬಂದವು. ಆದರೂ ಕೈ ಪಳಗದಿದ್ದರೆ ಕೊಂಡಿ ಏನು ಮಾಡೀತು?

ಲೆಕ್ಕ ನೋಡಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಇನ್ನೊಂದು ವಿಷಯ ಹೊಸಬರಿಗೆ ತೋಚುವುದಿಲ್ಲ: ಒಂದೆಡೆ ನಿಂತ ಪಟಕ್ಕಿಂತ ಆಕಾಶದಲ್ಲಿ ಸರ್ರನೆ ಓಡುವ ಪಟದ ಎಳೆತ ಎಷ್ಟೋ ಹೆಚ್ಚು. ನೆತ್ತಿಯ ಮೇಲೆ, ಅಂದರೆ ಗಡಿಯಾರದ 12ರ ಜಾಗದಲ್ಲಿ, ಪಟ ಸುಮ್ಮನಿರುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತಾಗ ನೇರ ಎದುರಿಗೆ ಕೆಳಕ್ಕೆ ಇಳಿಸಿದಿರೋ, ಅದೇ ಪಟ ಆಳನ್ನೇ ಎತ್ತಿ ಎಸೆಯುತ್ತದೆ. ಹೆದರಿದ ಮನುಷ್ಯ ಏನು ಮಾಡುತ್ತಾನೆ? ಕೈಯಲ್ಲಿದ್ದುದನ್ನು ಬಿಗಿಯಾಗಿ ಹಿಡಿದು ಎದೆಗೆ ಎಳೆದುಕೊಳ್ಳುತ್ತಾನೆ. ದೊಡ್ಡ ಪಟದಲ್ಲಿ ಹಾಗೆ ಎಳೆದುಕೊಂಡರೆ ಎಳೆತ ಏರುತ್ತದೆ, ಇಳಿಯುವುದಿಲ್ಲ.

ಈ ಹುಟ್ಟುಗುಣವನ್ನು ಬಿಡಿಸಲಿಕ್ಕೇ ಮರಳ ಮೇಲಿನ ಪುಟ್ಟ ಪಟ. ಇಲ್ಲಿ ತಪ್ಪಿದರೆ ನಾಲ್ಕು ಹೆಜ್ಜೆ ಮುಗ್ಗರಿಸುತ್ತೀರಿ, ಬಾಯಿಗೆ ಮರಳು ಹೋಗುತ್ತದೆ. ಕೈ ಬಿಟ್ಟರೆ ಮಣಿಕಟ್ಟಿನ ಪಟ್ಟಿಗೆ ಒಂದೇ ದಾರ ಉಳಿದು ಪಟ ತಣ್ಣಗೆ ನೆಲಕ್ಕೆ ಬೀಳುತ್ತದೆ. ಹಾಗಂತ ಗಾಳಿ ಜೋರಿರುವ ದಿನ ಇದನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವಿದ್ಯುತ್ ತಂತಿ, ರಸ್ತೆ, ಜನ ಇರುವ ಕಡೆಯಂತೂ ಬೇಡವೇ ಬೇಡ.

ಅಭ್ಯಾಸದ ಕ್ರಮ ಸರಳ. ಮೊದಲು ಪಟವನ್ನು ನೆತ್ತಿಯ ಮೇಲೆ ನಿಲ್ಲಿಸುವುದು. ಆಮೇಲೆ 10ರಿಂದ 2ರವರೆಗೆ ನಿಧಾನಕ್ಕೆ ಆಡಿಸುವುದು. ಆಮೇಲೆ ಎಂಟರ ಆಕಾರ ಬರೆಯುವುದು, ನಡೆಯುತ್ತಾ ಹಾರಿಸುವುದು, ಒಂದೇ ಕೈಯಲ್ಲಿ ಹಾರಿಸುವುದು. ಕೊನೆಗೆ ಪಟದ ಕಡೆ ನೋಡದೆ, ದಾರದ ಬಿಗಿಯಿಂದಲೇ ಅದು ಎಲ್ಲಿದೆ ಎಂದು ಹೇಳುವುದು. ಕಡಲಲ್ಲಿ ಒಂದು ಕೈ ಪಟಕ್ಕೆ ಬೇಕು, ಇನ್ನೊಂದು ಕೈ ಕಾಲಿಗೆ ಹಲಗೆ ಸಿಕ್ಕಿಸಲು ಬೇಕು, ಕಣ್ಣು ಬರುವ ಅಲೆಯ ಮೇಲಿರಬೇಕು.