ಕಂಪವಾತ: ಒಂದು ಹೆಸರಿನ ಚರಿತ್ರೆ

ರೋಗಕ್ಕೆ ಇಟ್ಟ ಹೆಸರು ಅದರ ಚಿಕಿತ್ಸೆಯ ದಾರಿಯನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಎರಡು ಶತಮಾನಗಳ ಚರಿತ್ರೆ ಇದಕ್ಕೆ ನಿದರ್ಶನ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯನ್ನು ಗಮನಿಸಿ ಕಿರುಪ್ರಬಂಧವೊಂದನ್ನು ಪ್ರಕಟಿಸಿದರು. ಅವರಲ್ಲಿ ಕೆಲವರನ್ನು ಕಂಡದ್ದು ಬೀದಿಯಲ್ಲಿ ಮಾತ್ರ. ಅವರು ಕೊಟ್ಟ ಹೆಸರಿನ ಅರ್ಥ ‘ನಡುಕದ ಲಕ್ವ’ ಎಂದು. ಎಲ್ಲ ರೋಗಿಗಳಲ್ಲೂ ನಡುಕವಿರುವುದಿಲ್ಲ, ಇದು ನಿಜವಾದ ಲಕ್ವವೂ ಅಲ್ಲ ಎಂದು ಕಂಡ ಪ್ಯಾರಿಸಿನ ಶಾರ್ಕೊ ಅವರು ಆ ಹೆಸರನ್ನು ಬಿಟ್ಟು, ರೋಗವನ್ನು ಪಾರ್ಕಿನ್ಸನ್ನರ ಹೆಸರಿನಿಂದಲೇ ಕರೆದರು.

ಇಪ್ಪತ್ತನೆಯ ಶತಮಾನದಲ್ಲಿ ಈ ರೋಗವೆಂದರೆ ಡೋಪಮಿನ್ ಕೊರತೆ ಎಂಬ ತಿಳಿವಳಿಕೆ ಬೇರೂರಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್, ಸರ್ಪಗಂಧಿಯಿಂದ ಪಡೆದ ರೆಸರ್ಪಿನ್ ಕೊಟ್ಟಾಗ ನಿಶ್ಚಲವಾದ ಪ್ರಾಣಿಗಳು ಡೋಪಾದಿಂದ ಮತ್ತೆ ಚಲಿಸಿದುದನ್ನು ತೋರಿಸಿದರು. 1960ರಲ್ಲಿ ವಿಯೆನ್ನಾದ ಸಂಶೋಧಕರು ಮೃತ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕುಂದಿರುವುದನ್ನು ಕಂಡರು. 1967ರಲ್ಲಿ ಜಾರ್ಜ್ ಕೊಟ್ಜಿಯಾಸ್ ಡೋಪಾವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ಯಶಸ್ವಿಯಾದರು.

ಇಲ್ಲಿ ಭಾರತದ ಸಂಬಂಧವೂ ಇದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿಯ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿದ್ದರು. ಸಂಸ್ಕೃತ ವೈದ್ಯಗ್ರಂಥಗಳ ಕಪಿಕಚ್ಛು ಇದೇ ಬಳ್ಳಿ. ಹೀಗಿರುವಲ್ಲಿ, ಪಾರ್ಕಿನ್ಸನ್ ಕಾಯಿಲೆಯೂ ಅದರ ಮದ್ದೂ ನಮ್ಮ ಪೂರ್ವಿಕರಿಗೆ ತಿಳಿದೇ ಇದ್ದವು ಎನ್ನುವ ಉತ್ಸಾಹ ಸಹಜ. ಆದರೆ ಚರಕಸಂಹಿತೆ ವೇಪಥುವನ್ನು ಎಂಬತ್ತು ವಾತವಿಕಾರಗಳಲ್ಲಿ ಒಂದಾಗಿ ಎಣಿಸುವುದು ದೋಷಸಿದ್ಧಾಂತದ ಚೌಕಟ್ಟಿನಲ್ಲಿ. ಅಲ್ಲಿಯ ನಡುಕವೆಲ್ಲವೂ ಇಂದಿನ ಒಂದೇ ರೋಗವಾಗಲಾರದು. ಉಗ್ರಾದಿತ್ಯನ ‘ಕಲ್ಯಾಣಕಾರಕ’ದಿಂದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದವರೆಗಿನ ಜೈನ ವೈದ್ಯಕೃತಿಗಳನ್ನು ಓದುವಾಗಲೂ ಈ ಎಚ್ಚರ ಬೇಕು.

ಇಂದು ಆಧುನಿಕ ವೈದ್ಯವೂ ತಾನಿಟ್ಟ ಹೆಸರನ್ನೇ ಪ್ರಶ್ನಿಸಿಕೊಳ್ಳುತ್ತಿದೆ. ಡೋಪಾ ಚಲನೆಯನ್ನು ಮರಳಿಸುತ್ತದೆ. ನರಕೋಶಗಳ ನಾಶವನ್ನು ತಡೆಯುವುದೆಂದು ಮಾತ್ರ ಸಿದ್ಧಪಟ್ಟಿಲ್ಲ. ವರ್ಷಗಳು ಕಳೆದಂತೆ ಮದ್ದಿನ ಪ್ರಭಾವದ ಅವಧಿ ಕಿರಿದಾಗುತ್ತದೆ, ಅನೈಚ್ಛಿಕ ಚಲನೆಗಳು ತಲೆದೋರುತ್ತವೆ. ಬುದ್ಧಿಗೆ ಬಾಧೆಯಿಲ್ಲವೆಂದು ಪಾರ್ಕಿನ್ಸನ್ ಬರೆದಿದ್ದರು. ಅನೇಕರಲ್ಲಿ ಅದೂ ಕುಂದುವುದು ಈಗ ತಿಳಿದಿದೆ. ಘ್ರಾಣಶಕ್ತಿಯ ನಷ್ಟ, ಮಲಬದ್ಧತೆ, ನಿದ್ರೆಯ ತೊಂದರೆಗಳು ನಡುಕಕ್ಕಿಂತ ವರ್ಷಗಳ ಮೊದಲೇ ಕಾಣಿಸಿಕೊಳ್ಳಬಹುದು. 1997ರಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ರೋಗಕಾರಕ ಬದಲಾವಣೆ ಪತ್ತೆಯಾಯಿತು. ಈ ಪ್ರೋಟೀನಿನ ಗಂಟುಗಳು ರೋಗದ ಗುರುತೆನಿಸಿದವು. ಆದರೆ ಪಾರ್ಕಿನ್ ಎಂಬ ಜೀನ್ ಕೆಟ್ಟು ಬರುವ ಬಗೆಯಲ್ಲಿ ಅವು ಅನೇಕ ವೇಳೆ ಕಾಣುವುದಿಲ್ಲ. ಆದ್ದರಿಂದ ಒಂದೇ ಹೆಸರಿನಡಿ ಹಲವು ರೋಗಗಳಿರಬಹುದು, ಎಲ್ಲರ ಮೇಲೂ ಒಂದೇ ಮದ್ದನ್ನು ಪರೀಕ್ಷಿಸಿದರೆ ಕೆಲವರಿಗೆ ಆಗಬಹುದಾದ ಗುಣವೂ ಸರಾಸರಿಯಲ್ಲಿ ಮರೆಯಾಗಬಹುದು ಎಂಬ ವಾದ ಬಲಗೊಂಡಿದೆ.

ವಸ್ತುವಿನ ಒಂದು ಪರ್ಯಾಯವನ್ನೇ ಪೂರ್ಣವಸ್ತುವೆಂದು ಬಗೆಯುವುದನ್ನು ಜೈನ ತಾರ್ಕಿಕರು ಏಕಾಂತವೆಂದು ನಿರಾಕರಿಸಿದರು. ನಡುಕವೇ ರೋಗ, ಡೋಪಮಿನ್ ಕೊರತೆಯೇ ರೋಗ ಎಂಬ ನಿಲುವುಗಳು ಈ ಬಗೆಯವು. ಪ್ರಾಚೀನ ‘ಕಂಪ’ವೇ ಪಾರ್ಕಿನ್ಸನ್ ಎಂಬುದೂ ಅಂಥದೇ. ವೈದ್ಯಸಾಹಿತ್ಯದ ಸಂಶೋಧಕರು ಹಸ್ತಪ್ರತಿಯಲ್ಲಿ ‘ಕಂಪ’ವನ್ನು ಕಂಡೊಡನೆ ಇಂದಿನ ಹೆಸರನ್ನು ಅಂಟಿಸದೆ, ರೋಗಿಯ ವಯಸ್ಸು, ಜೊತೆಯ ಲಕ್ಷಣಗಳು, ಹೇಳಿದ ಔಷಧ ಇವನ್ನು ಮೊದಲು ಪಟ್ಟಿಮಾಡಬೇಕು. ಹಾಗೆ ಮಾಡಿದ ಪಟ್ಟಿಯಷ್ಟೇ ಇಂದಿನ ವೈದ್ಯರ ಕೈಗೆ ಉಪಯುಕ್ತವಾದೀತು.